ಗಾಳಿ ನಿಲ್ಲದ ಟ್ಯೂಬ್‌ಲೆಸ್ ಟೈರ್: ಸ್ಕೂಟರಿನ ಪುಟ್ಟ ಚಕ್ರ ಮತ್ತೆ ಗಾಳಿ ಹಿಡಿಯುವುದು ಹೇಗೆ?

ಮಳೆಗಾಲ ಮುಗಿಯುತ್ತಾ ಬಂದರೆ ಉತ್ತರ ಕನ್ನಡದ ಎಷ್ಟೋ ಮನೆಗಳಲ್ಲಿ ಮೂಲೆಗೆ ನಿಂತಿದ್ದ ಗಾಡಿಗಳು ಹೊರಗೆ ಬರುತ್ತವೆ. ಕಾರವಾರ, ಅಂಕೋಲಾ ಕಡೆ ತಗಡಿನ ಮಾಡಿನ ಕೆಳಗೆ ನಾಲ್ಕು ತಿಂಗಳು ನಿಂತ ಸ್ಕೂಟರ್ ಇರಬಹುದು. ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಗೊಬ್ಬರ, ಅಡಿಕೆ ಕೊನೆ ಸಾಗಿಸುವ ಕೈಗಾಡಿ ಇರಬಹುದು. ಎಳೆದು ನೋಡಿದರೆ ಚಕ್ರ ಪೂರ್ತಿ ಚಪ್ಪಟೆ. ಕಾಲಿನ ಪಂಪ್ ಹಚ್ಚಿ ಬೆವರು ಇಳಿಯುವವರೆಗೆ ತುಳಿದರೂ ಟೈರ್ ಒಂದಿಷ್ಟೂ ಉಬ್ಬುವುದಿಲ್ಲ. ಒಳಗೆ ಹಾಕಿದ ಗಾಳಿಯೆಲ್ಲ ಟೈರಿನ ಅಂಚಿನಿಂದ ಬುಸ್ ಎಂದು ಹೊರಗೆ ಹೋಗುತ್ತದೆ. ನೋಡಿದವರು ಹೇಳುವುದು ಎರಡೇ ಮಾತು: "ಟೈರ್ ಹೋಯ್ತು, ಹೊಸದು ಹಾಕ್ಸಿ", ಇಲ್ಲದಿದ್ದರೆ "ಸುಮ್ನೆ ಒಂದು ಟ್ಯೂಬ್ ಹಾಕ್ಸಿಬಿಡಿ".

ಆದರೆ ಹೀಗೆ ಚಪ್ಪಟೆಯಾದ ಟೈರುಗಳಲ್ಲಿ ಬಹಳಷ್ಟು ನಿಜವಾಗಿ ಕೆಟ್ಟಿರುವುದಿಲ್ಲ. ಟೈರ್ ತನ್ನ ಜಾಗ ಬಿಟ್ಟು ಸರಿದಿರುತ್ತದೆ, ಅಷ್ಟೇ. ಅದನ್ನು ಮತ್ತೆ ಜಾಗದಲ್ಲಿ ಕೂರಿಸಿದರೆ ಗಾಳಿ ನಿಲ್ಲುತ್ತದೆ. ಈಗ ಬರುವ ಹೆಚ್ಚಿನ ಸ್ಕೂಟರುಗಳಿಗೆ ಟ್ಯೂಬ್‌ಲೆಸ್ ಟೈರೇ ಇರುವುದರಿಂದ, ಇದು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಒಳ್ಳೆಯದು. ಪಂಕ್ಚರ್ ಅಂಗಡಿ ಹತ್ತಾರು ಕಿಲೋಮೀಟರ್ ದೂರ ಇರುವ ಘಟ್ಟದ ಹಳ್ಳಿಗಳವರಿಗಂತೂ ಇದು ತೀರಾ ಬೇಕಾದ ವಿಷಯ.

ಟ್ಯೂಬ್ ಇಲ್ಲದ ಮೇಲೆ ಗಾಳಿ ನಿಲ್ಲುವುದು ಎಲ್ಲಿ?

ಹಳೆಯ ಟೈರಿನಲ್ಲಿ ಗಾಳಿ ಹಿಡಿಯುವ ಕೆಲಸ ಒಳಗಿನ ಟ್ಯೂಬಿನದು. ಹೊರಗಿನ ಟೈರ್ ಅದನ್ನು ಕಾಯುವ ಹೊದಿಕೆ. ಟ್ಯೂಬಿಗೆ ತೂತಾದರೆ ಗಾಳಿ ಖಾಲಿ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಎಷ್ಟೋ ದಶಕ ಗಾಡಿಗಳು ಓಡಿದ್ದು ಟ್ಯೂಬಿನ ಮೇಲೆಯೇ. ಅಮೆರಿಕದ ಗುಡ್‌ರಿಚ್ ಕಂಪನಿ ಟ್ಯೂಬ್ ಇಲ್ಲದ ಟೈರನ್ನು ಜನರ ಮುಂದಿಟ್ಟಿದ್ದು 1947ರಲ್ಲಿ.

ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಹಿಡಿಯುವವರು ಮೂವರು. ಒಂದು ಟೈರ್. ಎರಡನೆಯದು ಲೋಹದ ರಿಮ್. ಮೂರನೆಯದು ರಿಮ್ಮಿಗೇ ಸಿಕ್ಕಿಸಿದ ವಾಲ್ವ್. ಟೈರಿನ ಒಳಮೈಗೆ ಬ್ಯುಟೈಲ್ ಜಾತಿಯ ರಬ್ಬರಿನ ತೆಳು ಪದರ ಇರುತ್ತದೆ. ಮಾಮೂಲಿ ರಬ್ಬರಿಗೆ ಹೋಲಿಸಿದರೆ ಇದು ಗಾಳಿಯನ್ನು ಬಹಳ ನಿಧಾನವಾಗಿ ಬಿಡುತ್ತದೆ. ಟ್ಯೂಬಿನ ಕೆಲಸವನ್ನು ಈ ಪದರವೇ ಮಾಡುತ್ತದೆ ಎನ್ನಬಹುದು.

ಟೈರ್ ರಿಮ್ಮಿಗೆ ತಾಗುವ ದಪ್ಪ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿಯ ಬಳೆ ಇದೆ, ಹಾಗಾಗಿ ಅಂಚು ಹಿಗ್ಗುವುದಿಲ್ಲ. ರಿಮ್ಮಿನ ಎರಡೂ ಬದಿಯಲ್ಲಿ ಬೀಡ್ ಕೂರಲು ಕಟ್ಟೆಯಂಥ ಜಾಗ ಇರುತ್ತದೆ. ಅದರ ಒಳಬದಿಗೆ ಸಣ್ಣ ದಿಬ್ಬ, ನಡುವೆ ತಗ್ಗು. ಟೈರ್ ಹಾಕುವಾಗ, ತೆಗೆಯುವಾಗ ಬೀಡಿನ ಒಂದು ಬದಿಯನ್ನು ಈ ತಗ್ಗಿಗೆ ಇಳಿಸಿದರೇ ಇನ್ನೊಂದು ಬದಿ ರಿಮ್ ದಾಟುವುದು. ಚಕ್ರ ಸರಿಯಿರುವಾಗ ಎರಡೂ ಬೀಡ್ ದಿಬ್ಬ ಹತ್ತಿ ಕಟ್ಟೆಯ ಮೇಲೆ ಬಿಗಿಯಾಗಿ ಕೂತಿರುತ್ತವೆ.

ಒಳಗಿನಿಂದ ಮುಚ್ಚಳ ಹಾಕುವ ಕುಕ್ಕರ್ ನೆನಪಿಸಿಕೊಳ್ಳಿ. ಆವಿ ಕಡಿಮೆ ಇರುವಾಗ ಮುಚ್ಚಳದ ಅಂಚಿನಿಂದ ಸ್ವಲ್ಪ ಸ್ವಲ್ಪ ಸೋರುತ್ತದೆ. ಒಳಗೆ ಒತ್ತಡ ಏರಿದ ಹಾಗೆ ಆ ಒತ್ತಡವೇ ಮುಚ್ಚಳವನ್ನು ಅಂಚಿಗೆ ದೂಡಿ ಬಿಗಿ ಮಾಡುತ್ತದೆ. ಬೀಡ್ ಕೆಲಸ ಮಾಡುವುದೂ ಹೀಗೆಯೇ. ಒಳಗಿನ ಗಾಳಿ ಬೀಡನ್ನು ಹೊರಕ್ಕೆ, ರಿಮ್ಮಿನ ಅಂಚಿಗೆ ಒತ್ತುತ್ತದೆ. ಗಾಳಿ ಇದ್ದರೆ ಬಿಗಿ, ಬಿಗಿ ಇದ್ದರೆ ಗಾಳಿ. ಎರಡೂ ಹೋದ ಮೇಲೆ ಮೊದಲು ಯಾವುದನ್ನು ತರುವುದು? ಚಪ್ಪಟೆ ಟೈರಿನ ಇಡೀ ಕಷ್ಟ ಇಲ್ಲೇ ಇದೆ.

ಮೊಳೆ ಚುಚ್ಚದೆಯೂ ಗಾಳಿ ಇಳಿಯುವುದು ಏಕೆ?

ಎಷ್ಟೇ ಒಳ್ಳೆಯ ಟೈರ್ ಆದರೂ ತಿಂಗಳಿಗೆ 1ರಿಂದ 3 ಪಿಎಸ್‌ಐ ಗಾಳಿ ತಾನಾಗಿಯೇ ಕಳೆದುಕೊಳ್ಳುತ್ತದೆ. ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ, ಬಂಕಿನ ಮೀಟರಿನಲ್ಲಿ ಕಾಣುವ ಅಂಕಿ. ಅನೇಕ ಸ್ಕೂಟರುಗಳ ಮುಂದಿನ ಚಕ್ರಕ್ಕೆ 22ರ ಆಸುಪಾಸು ಹಾಕುತ್ತಾರೆ. ಹಿಂದಿನದಕ್ಕೆ ಒಬ್ಬರೇ ಹೋದರೆ 29, ಹಿಂದೆ ಇನ್ನೊಬ್ಬರು ಕೂತರೆ 36ರ ತನಕ. ನಿಮ್ಮ ಗಾಡಿಯ ಸರಿಯಾದ ಅಂಕಿ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. 22ರಲ್ಲಿ ನಾಲ್ಕು ತಿಂಗಳು ಹೀಗೆ ಕಳೆದರೆ ಉಳಿಯುವುದು ಎಷ್ಟೆಂದು ನೀವೇ ಲೆಕ್ಕ ಹಾಕಿ.

ಚಳಿಯೂ ಒಂದಿಷ್ಟು ಇಳಿಸುತ್ತದೆ. ಉಷ್ಣತೆ 10 ಡಿಗ್ರಿ ಕಡಿಮೆಯಾದರೆ 30 ಪಿಎಸ್‌ಐ ಇದ್ದ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರುತ್ತದೆ. ಘಟ್ಟದ ಎತ್ತರದ್ದೂ ಒಂದು ಲೆಕ್ಕ ಇದೆ. ಶಿರಸಿ ಸಮುದ್ರಮಟ್ಟಕ್ಕಿಂತ ಹೆಚ್ಚುಕಮ್ಮಿ 600 ಮೀಟರ್ ಮೇಲಿದೆ. ಅಲ್ಲಿ ಗಾಳಿ ಹೊಡೆಸಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದರೆ, ಹೊರಗಿನ ಗಾಳಿಯ ಒತ್ತಡ ಇಲ್ಲಿ ಹೆಚ್ಚಿರುವುದರಿಂದ ಮೀಟರ್ ಸುಮಾರು 1 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಸೋರಿದ್ದೇನೂ ಇಲ್ಲ. ಇಷ್ಟಕ್ಕೆ ಯಾರೂ ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಇವೆಲ್ಲ ಒಟ್ಟಿಗೆ ಸೇರಿದಾಗ. ಗಾಳಿ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಬೀಡನ್ನು ಒತ್ತುವ ಬಲ ಸಾಲುವುದಿಲ್ಲ. ಅದೇ ಹೊತ್ತಿಗೆ ಯಾರೋ ಗಾಡಿಯನ್ನು ಬದಿಗೆ ಎಳೆದು ನಿಲ್ಲಿಸುತ್ತಾರೆ. ಬೀಡ್ ಕಟ್ಟೆಯಿಂದ ಜಾರಿ ನಡುವಿನ ತಗ್ಗಿಗೆ ಬೀಳುತ್ತದೆ. ನಿಧಾನವಾಗಿ ಇಳಿಯುತ್ತಿದ್ದ ಗಾಳಿ ಒಂದೇ ಕ್ಷಣದಲ್ಲಿ ಖಾಲಿಯಾಗುತ್ತದೆ. ಆಮೇಲೆ ಗಾಡಿಯ ಭಾರಕ್ಕೆ ಟೈರ್ ಮಡಚಿದ ಆಕಾರದಲ್ಲೇ ವಾರಗಟ್ಟಲೆ ಕೂತು ಅದೇ ರೂಪ ಹಿಡಿಯುತ್ತದೆ.

ಮೊದಲು ಸೋರುವ ಜಾಗ ಹುಡುಕಿ

ಟೈರ್ ಕೂರಿಸುವ ಅವಸರದಲ್ಲಿ ಹೆಚ್ಚಿನವರು ಬಿಡುವುದು ಇದನ್ನೇ. ಕಾರಣ ಸರಿಮಾಡದೆ ಕೂರಿಸಿದರೆ ವಾರದಲ್ಲಿ ಮತ್ತೆ ಅದೇ ಕತೆ, ಅಲ್ವಾ?

ಟೈರಿನಲ್ಲಿ ಇನ್ನೂ ಸ್ವಲ್ಪ ಗಾಳಿ ನಿಲ್ಲುತ್ತಿದ್ದರೆ ಕೆಲಸ ಸುಲಭ. ಗಾಳಿ ತುಂಬಿ, ಸೋಪಿನ ನೊರೆ ನೀರನ್ನು ಹಳೆ ಬ್ರಷ್ಷಿನಿಂದ ಇಡೀ ಚಕ್ರಕ್ಕೆ ಹಚ್ಚಿ. ಬ್ರೇಕಿಗೆ ಮಾತ್ರ ನೊರೆ ತಾಗಿಸಬೇಡಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಸಣ್ಣ ಸೋರಿಕೆಯ ಗುಳ್ಳೆ ಏಳಲು ಒಂದೆರಡು ನಿಮಿಷ ಬೇಕು, ತಾಳ್ಮೆ ಇರಲಿ. ಚಕ್ರ ಬಿಚ್ಚಿದ್ದರೆ ನೀರಿನ ಬಾನಿಯಲ್ಲಿ ಮುಳುಗಿಸಿ ತಿರುಗಿಸುವುದು ಇನ್ನೂ ಒಳ್ಳೆಯದು.

ನೆಲಕ್ಕೆ ತಾಗುವ ಭಾಗದಲ್ಲಿ ಗುಳ್ಳೆ ಬಂದರೆ ಮೊಳೆಯೋ ಮುಳ್ಳೋ ಚುಚ್ಚಿದೆ ಎಂದರ್ಥ. ಅಂಟಿನ ಸ್ಟ್ರಿಪ್ ತುರುಕಿ ಅದನ್ನು ಮುಚ್ಚಬಹುದು. ಟೈರ್ ಹೇಗೂ ಬಿಚ್ಚಿದ್ದರೆ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸಿ, ಅದು ಜಾಸ್ತಿ ದಿನ ಬಾಳುತ್ತದೆ. ಗುಳ್ಳೆ ಟೈರಿನ ಬದಿಯ ಗೋಡೆಯಲ್ಲಿ ಬಂದರೆ ರಿಪೇರಿ ಬೇಡ. ಆ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುವ ಜಾಗ, ಅಲ್ಲಿ ಯಾವ ಪ್ಯಾಚೂ ನಂಬಿಕೆಗೆ ಅರ್ಹವಲ್ಲ.

ವಾಲ್ವಿನ ಬಾಯಿಗೆ ನೊರೆ ಹಚ್ಚಿದಾಗ ಗುಳ್ಳೆ ಬಂದರೆ ಒಳಗಿನ ಪಿನ್ ಸಡಿಲಾಗಿದೆ ಅಥವಾ ಕಸ ಸಿಕ್ಕಿದೆ. ಪಿನ್ ಬಿಗಿ ಮಾಡಬೇಕು, ಇಲ್ಲವೇ ಬದಲಿಸಬೇಕು. ವಾಲ್ವಿನ ಬುಡ ನೋಡುವುದನ್ನು ಮರೆಯಬೇಡಿ. ವಾಲ್ವನ್ನು ಬೆರಳಿನಿಂದ ಮೆಲ್ಲಗೆ ಒಂದು ಬದಿಗೆ ಬಗ್ಗಿಸಿ. ಬುಡದ ರಬ್ಬರಿನಲ್ಲಿ ಬಿರುಕು ಕಂಡರೆ, ಬಗ್ಗಿಸಿದಾಗ ಮಾತ್ರ ಗುಳ್ಳೆ ಬಂದರೆ, ವಾಲ್ವ್ ಹಳೆಯದಾಗಿದೆ. ಹೊಸ ವಾಲ್ವಿಗೆ ಬೀಳುವ ಖರ್ಚು ತೀರಾ ಕಡಿಮೆ. ಟೈರ್ ಬಿಚ್ಚಿದಾಗಲೆಲ್ಲ ಅದನ್ನು ಬದಲಿಸಿಬಿಡುವುದೇ ಜಾಣತನ.

ಗುಳ್ಳೆ ಟೈರ್ ಮತ್ತು ರಿಮ್ ಸೇರುವ ಗೆರೆಯಲ್ಲಿ ಸಾಲಾಗಿ ಎದ್ದರೆ, ಅದೇ ರಿಮ್ ಲೀಕ್. ನಮ್ಮ ಕರಾವಳಿಯಲ್ಲಿ ಇದು ಬಹಳ ಸಲ ಸಿಗುವ ಉತ್ತರ.

ಉಪ್ಪು ಗಾಳಿ ಮತ್ತು ರಿಮ್

ಸಮುದ್ರದ ಗಾಳಿಯಲ್ಲಿ ಉಪ್ಪಿನ ಸಣ್ಣ ಕಣಗಳಿರುತ್ತವೆ. ಉಪ್ಪು ತೇವವನ್ನು ಎಳೆದುಕೊಂಡು ಲೋಹದ ಮೇಲೆ ಹಿಡಿದಿಡುತ್ತದೆ. ತೇವ ಇದ್ದಷ್ಟು ಹೊತ್ತು ತುಕ್ಕಿನ ಕೆಲಸ ನಡೆದೇ ಇರುತ್ತದೆ. ಬೈತಖೋಲ್ ಬಂದರಿನಂಥ ಕಡೆಗಳಿಂದ ಮೀನಿನ ಪೆಟ್ಟಿಗೆ ಹೊತ್ತು ಓಡುವ ಸ್ಕೂಟರುಗಳದು ಇನ್ನೂ ಕಷ್ಟ. ಪೆಟ್ಟಿಗೆಯ ಮಂಜುಗಡ್ಡೆ ಕರಗಿದ ಉಪ್ಪುನೀರು ನೇರ ಹಿಂದಿನ ಚಕ್ರದ ಮೇಲೆ ತೊಟ್ಟಿಕ್ಕುತ್ತದೆ. ಕಡಲತೀರದ ಮರಳಿನಲ್ಲಿ ಓಡಿಸಿ ಹಾಗೇ ಮನೆಗೆ ತಂದು ನಿಲ್ಲಿಸುವವರೂ ಇದ್ದಾರೆ.

ಕಬ್ಬಿಣದ ರಿಮ್ಮಿನಲ್ಲಿ ಬಣ್ಣದ ಕೆಳಗೆ ತುಕ್ಕು ಹಬ್ಬಿ ಪೊರೆ ಪೊರೆಯಾಗಿ ಏಳುತ್ತದೆ. ಅಲಾಯ್ ರಿಮ್ಮಿಗೆ ಕಬ್ಬಿಣದ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಎರಡೂ ಬೀಡಿನ ಕೆಳಗೆ ಸೇರಿಕೊಂಡು ಬೀಡನ್ನು ಕೂದಲೆಳೆಯಷ್ಟು ಮೇಲೆತ್ತುತ್ತವೆ. ಗಾಳಿಗೆ ಅಷ್ಟು ಸಂದು ಸಾಕು.

ಘಟ್ಟದ ಮೇಲಿನ ತೋಟಗಳಲ್ಲಿ ಉಪ್ಪಿನ ಕಾಟ ಇಲ್ಲ. ಆದರೆ ಅಲ್ಲಿ ಬೇರೆ ಒಂದಿದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಬೇಕು. ಸುಣ್ಣ ಸೇರಿಸುವ ಮೊದಲಿನ ಮೈಲುತುತ್ತಿನ ನೀರು ಕಬ್ಬಿಣವನ್ನೂ ಅಲ್ಯೂಮಿನಿಯಂನ್ನೂ ತಿನ್ನುತ್ತದೆ. ಡ್ರಮ್ಮಿನಿಂದ ಕೈಗಾಡಿಯ ಚಕ್ರದ ಮೇಲೆ ಚೆಲ್ಲಿದ್ದನ್ನು ಅವತ್ತೇ ತೊಳೆಯದಿದ್ದರೆ ರಿಮ್ ಬೇಗ ಹಾಳಾಗುತ್ತದೆ. ಜತೆಗೆ ಗಾಳಿ ಕಡಿಮೆ ಇದ್ದ ಟೈರ್ ಮಡಚಿದಾಗ ಕೆಂಪು ಮಣ್ಣು, ಮರಳು ಬೀಡಿನ ಸಂದಿಗೆ ನುಗ್ಗುತ್ತವೆ.

ರಿಮ್ ಲೀಕಿಗೆ ಮದ್ದು ಶುಚಿ ಮಾಡುವುದು. ಟೈರ್ ಬಿಚ್ಚಿ, ಬೀಡ್ ಕೂರುವ ಕಟ್ಟೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಮರಳು ಕಾಗದದಿಂದ ನಯ ಮಾಡಿ. ಪುಡಿ ಒರೆಸಿ ತೆಗೆದು, ಪ್ರೈಮರ್ ಮತ್ತು ಬಣ್ಣದ ತೆಳು ಪದರ ಕೊಟ್ಟು ಪೂರ್ತಿ ಒಣಗಲು ಬಿಡಿ. ದಪ್ಪ ಬಳಿದರೆ ಅದೇ ಮತ್ತೆ ಎದ್ದು ಸೋರುತ್ತದೆ. ಟೈರಿನ ಬೀಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ರಬ್ಬರನ್ನು ಕೆರೆಯಬೇಡಿ. ಒಳ್ಳೆಯ ಟೈರ್ ಅಂಗಡಿಗಳಲ್ಲಿ ಬೀಡ್ ಸೀಲರ್ ಎಂಬ ಕಪ್ಪು ದ್ರವ ಸಿಗುತ್ತದೆ. ರಿಮ್ಮಿನಲ್ಲಿ ಸಣ್ಣ ಗುಳಿಗಳು ಉಳಿದಿದ್ದರೆ ಅದು ಅವನ್ನು ತುಂಬುತ್ತದೆ.

ತಗಡಿನ ರಿಮ್ಮಿನ ವೆಲ್ಡಿಂಗ್ ಜಾಗದಲ್ಲಿ ಗುಳ್ಳೆ ಬಂದರೆ, ತುಕ್ಕು ಆಳಕ್ಕೆ ತಿಂದಿದ್ದರೆ, ಹೊಂಡಕ್ಕೆ ಬಿದ್ದು ಅಂಚು ಬಗ್ಗಿದ್ದರೆ ಆಗ ರಿಮ್ಮನ್ನೇ ಬದಲಿಸಬೇಕು. ಟೈರ್ ಎಷ್ಟು ಹೊಸದಾದರೂ ಅದರ ತಪ್ಪನ್ನು ಮುಚ್ಚಲಾರದು.

ಪಂಪ್ ಏಕೆ ಸೋಲುತ್ತದೆ

ಈಗ ಪೂರ್ತಿ ಚಪ್ಪಟೆಯಾದ ಟೈರಿನ ವಿಷಯ. ಎಷ್ಟು ತುಳಿದರೂ ಗಾಳಿ ನಿಲ್ಲದಿರುವುದಕ್ಕೆ ಕಾರಣ ಒಂದು ಸರಳ ಲೆಕ್ಕ.

10 ಇಂಚಿನ ರಿಮ್ಮಿನ ಸುತ್ತಳತೆ ಸುಮಾರು 80 ಸೆಂಟಿಮೀಟರ್. ಬೀಡ್ ಮತ್ತು ರಿಮ್ಮಿನ ನಡುವೆ ಸುತ್ತಲೂ ಬರೀ 1 ಮಿಲಿಮೀಟರ್ ಸಂದು ಇದೆ ಎಂದಿಟ್ಟುಕೊಳ್ಳಿ. ಒಂದು ಬದಿಯಲ್ಲೇ 8 ಚದರ ಸೆಂಟಿಮೀಟರಿನಷ್ಟು ಬಾಯಿ ತೆರೆದಂತಾಯಿತು. ಗಾಳಿ ಒಳಗೆ ಬರುವ ವಾಲ್ವಿನ ತೂತು ಕೆಲವೇ ಮಿಲಿಮೀಟರ್ ಅಗಲ. ಹೊರಗೆ ಹೋಗುವ ದಾರಿ ಒಳಗೆ ಬರುವ ದಾರಿಗಿಂತ ಹತ್ತಾರು ಪಟ್ಟು ದೊಡ್ಡದು. ಹಾಗಾಗಿ ಗೆಲ್ಲಲು ಇರುವುದು ಎರಡೇ ದಾರಿ: ಸಂದನ್ನು ಕಿರಿದು ಮಾಡುವುದು, ಗಾಳಿಯನ್ನು ಜೋರಾಗಿ ನುಗ್ಗಿಸುವುದು. ಎರಡನ್ನೂ ಒಟ್ಟಿಗೆ ಮಾಡಿದರೆ ಹೆಚ್ಚಿನ ಟೈರುಗಳು ಕೂರುತ್ತವೆ.

ಪುಟ್ಟ ಚಕ್ರ ದೊಡ್ಡದಕ್ಕಿಂತ ಹಟಮಾರಿ. ಅದರ ಗೋಡೆ ಗಿಡ್ಡ, ರಬ್ಬರ್ ಗಡಸು. ಒಮ್ಮೆ ಒಳಕ್ಕೆ ಮಡಚಿ ಕೂತರೆ ಕೈಯಿಂದ ಎಳೆದು ಅಗಲಿಸುವುದು ಕಷ್ಟ.

ಹಗ್ಗ, ಸೋಪಿನ ನೀರು, ಜೋರು ಗಾಳಿ

ಗಾಡಿಯನ್ನು ಮೇನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಚಕ್ರದ ಮೇಲೆ ಒಂದಿಷ್ಟೂ ಭಾರ ಇರಬಾರದು. ಹಲವು ಸ್ಕೂಟರುಗಳಲ್ಲಿ ಹಿಂದಿನ ಚಕ್ರ ಬಿಚ್ಚಲು ಸೈಲೆನ್ಸರ್ ತೆಗೆಯಬೇಕಾಗುತ್ತದೆ. ಹಾಗಾಗಿ ಮೊದಲು ಗಾಡಿಯಲ್ಲೇ ಪ್ರಯತ್ನಿಸಿ. ಕೈಗಾಡಿಯ ಚಕ್ರವಾದರೆ ಬಿಚ್ಚಿ ಕೆಲಸ ಮಾಡುವುದೇ ಸುಲಭ. ಬಿಸಿಲಿದ್ದರೆ ಚಕ್ರವನ್ನು ಒಂದೆರಡು ತಾಸು ಅಂಗಳದ ಬಿಸಿಲಿಗೆ ಇಡಿ. ರಬ್ಬರ್ ಮೆತ್ತಗಾಗಿ ಮಾತು ಕೇಳುತ್ತದೆ.

ಮೊದಲು ವಾಲ್ವಿನ ಒಳಗಿನ ಪಿನ್ನನ್ನು ತಿರುಗಿಸಿ ತೆಗೆಯಿರಿ. ಅದಕ್ಕೆಂದೇ ಸಣ್ಣ ಕೀಲಿ ಸಿಗುತ್ತದೆ. ಪಿನ್ ಇಲ್ಲದಿದ್ದರೆ ಗಾಳಿಯ ದಾರಿ ಅಗಲವಾಗುತ್ತದೆ. ಚಪ್ಪಟೆ ಟೈರಿನಲ್ಲಿ ಮಾತ್ರ ಹೀಗೆ ಮಾಡಬೇಕು. ಗಾಳಿ ಇರುವಾಗ ತೆಗೆದರೆ ಪಿನ್ ರಭಸದಿಂದ ಹಾರುತ್ತದೆ.

ಆಮೇಲೆ ಸೋಪಿನ ನೀರು. ಎರಡೂ ಬೀಡಿಗೆ, ರಿಮ್ಮಿನ ಅಂಚಿಗೆ ಧಾರಾಳವಾಗಿ ಹಚ್ಚಿ. ಇದು ಎರಡು ಕೆಲಸ ಮಾಡುತ್ತದೆ. ಬೀಡ್ ದಿಬ್ಬ ಹತ್ತುವಾಗ ಜಾರುತ್ತದೆ, ನೊರೆ ಸಣ್ಣ ಸಂದುಗಳನ್ನು ಆ ಕ್ಷಣಕ್ಕೆ ಮುಚ್ಚುತ್ತದೆ. ನಮ್ಮ ಕಡೆ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು ಬೇಡವೇ ಬೇಡ. ಗ್ರೀಸ್, ಇಂಜಿನ್ ಆಯಿಲ್ ಕೂಡ ಬೇಡ. ಎಣ್ಣೆ ಒಣಗುವುದಿಲ್ಲ, ಬ್ರೇಕ್ ಹಿಡಿದಾಗ ಟೈರ್ ರಿಮ್ಮಿನ ಮೇಲೆ ಜಾರಬಹುದು. ಇಂಜಿನ್ ಆಯಿಲ್, ಗ್ರೀಸ್ ರಬ್ಬರನ್ನೂ ಕೆಡಿಸುತ್ತವೆ. ಸೋಪಿನ ನೀರು ಒಣಗಿ ಹೋಗುತ್ತದೆ, ಅದೇ ಅದರ ಗುಣ.

ಮುಂದಿನದು ಹಗ್ಗ. ಟೈರಿನ ನೆಲ ತಾಗುವ ಭಾಗದ ನಟ್ಟನಡುವೆ ಗಟ್ಟಿ ನೈಲಾನ್ ಹಗ್ಗವನ್ನು ಒಂದು ಸುತ್ತು ಕಟ್ಟಿ. ಗಂಟಿನೊಳಗೆ ಒಂದು ಕೋಲು ತೂರಿಸಿ ತಿರುಚುತ್ತಾ ಬನ್ನಿ. ಲಾರಿಯವರ ರ‍್ಯಾಚೆಟ್ ಬೆಲ್ಟ್ ಇದ್ದರೆ ಇನ್ನೂ ಸುಲಭ. ನಡುಭಾಗ ಒಳಕ್ಕೆ ಒತ್ತಿದ ಹಾಗೆ ಎರಡೂ ಗೋಡೆಗಳು ಹೊರಕ್ಕೆ ಉಬ್ಬಿ ಬೀಡುಗಳು ರಿಮ್ಮಿನ ಅಂಚಿನ ಕಡೆ ಸರಿಯುತ್ತವೆ. ಕಣ್ಣಿಗೆ ಕಾಣುವ ಹಾಗೆ ಸಂದು ಮುಚ್ಚುತ್ತದೆ. ಈ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಜನ ಇದನ್ನು ಬಿಟ್ಟು ಬರೀ ಪಂಪ್ ತುಳಿದು ಸುಸ್ತಾಗುತ್ತಾರೆ.

ಈಗ ಗಾಳಿ. ಟ್ಯಾಂಕ್ ಇರುವ ಕಂಪ್ರೆಸರ್ ಉತ್ತಮ. ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿ ಒಮ್ಮೆಲೇ ನುಗ್ಗುತ್ತದೆ. ಕಾಲಿನ ಪಂಪ್, ಬ್ಯಾಟರಿಗೆ ಹಚ್ಚುವ ಪುಟ್ಟ ಪಂಪ್ ತೋರಿಸುವ ಒತ್ತಡ ದೊಡ್ಡದಿರಬಹುದು, ಆದರೆ ಒಂದು ಕ್ಷಣಕ್ಕೆ ಕೊಡುವ ಗಾಳಿ ತೀರಾ ಕಡಿಮೆ. ಸಂದು ಪೂರ್ತಿ ಮುಚ್ಚಿದ್ದರೆ ಮಾತ್ರ ಅವುಗಳಿಂದ ಆಗುತ್ತದೆ. ಮನೆಯಲ್ಲಿ ಆಗದಿದ್ದರೆ ಹಗ್ಗ ಕಟ್ಟಿದ ಚಕ್ರವನ್ನೇ ಪೆಟ್ರೋಲ್ ಬಂಕಿಗೋ ಪಂಕ್ಚರ್ ಅಂಗಡಿಗೋ ಒಯ್ಯಿರಿ. ಬಂಕಿನಲ್ಲಿ ಗಾಳಿ ಉಚಿತವಾಗಿ ಕೊಡಬೇಕೆಂಬ ನಿಯಮ ಇದೆ.

ಗಾಳಿ ಹೋಗುವಾಗ ಚಕ್ರವನ್ನು ಸ್ವಲ್ಪ ಅಲ್ಲಾಡಿಸಿ, ಎಲ್ಲಿ ಸೋರುತ್ತಿದೆಯೋ ಆ ಕಡೆ ಹೊರಗಿನಿಂದ ಟೈರನ್ನು ಅಂಗೈಯಲ್ಲಿ ಒತ್ತಿ. ಬೆರಳನ್ನು ಬೀಡಿನ ಸಂದಿಗೆ ಕೊಡಬೇಡಿ. ಬುಸ್ ಸದ್ದು ನಿಂತು ಟೈರ್ ಉಬ್ಬಲು ಶುರುವಾಯಿತೆಂದರೆ ಬೀಡ್ ಹಿಡಿಯಿತು. ಆಗ ನಿಲ್ಲಿಸಿ ಹಗ್ಗ ಸಡಿಲಿಸಿ ತೆಗೆಯಿರಿ. ಹಗ್ಗ ಇದ್ದಂತೆಯೇ ಪೂರ್ತಿ ಗಾಳಿ ತುಂಬಿದರೆ ಅದು ಕಿತ್ತು ಬಡಿಯಬಹುದು. ಮತ್ತೆ ತುಂಬುತ್ತಾ ಹೋದಾಗ ಪಟ್, ಪಟ್ ಎಂದು ಸದ್ದು ಕೇಳುತ್ತದೆ. ಒಂದೊಂದು ಬೀಡ್ ದಿಬ್ಬ ದಾಟಿ ಕಟ್ಟೆಗೆ ಬಿದ್ದ ಸದ್ದು ಅದು. ಆಮೇಲೆ ಗಾಳಿಯ ನಳಿಕೆ ತೆಗೆದು ತಟ್ಟನೆ ಪಿನ್ ಹಾಕಿ, ಬೇಕಾದ ಅಂಕಿಗೆ ಗಾಳಿ ತುಂಬಿ. ಪಿನ್ ಹಾಕುವಷ್ಟರಲ್ಲಿ ಗಾಳಿ ಹೋದರೂ ಚಿಂತೆ ಇಲ್ಲ, ದಿಬ್ಬ ದಾಟಿದ ಬೀಡ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಕೂತಿದೆಯೋ ಇಲ್ಲವೋ ಎಂದು ನೋಡಲು ಕಂಪನಿಯವರೇ ಒಂದು ಗುರುತು ಕೊಟ್ಟಿದ್ದಾರೆ. ಟೈರಿನ ಬದಿಯಲ್ಲಿ ರಿಮ್ಮಿಗೆ ಹತ್ತಿರ ಒಂದು ಸಣ್ಣ ಉಬ್ಬು ಗೆರೆ ಸುತ್ತಲೂ ಓಡಿರುತ್ತದೆ. ಗೆರೆಗೂ ರಿಮ್ಮಿಗೂ ನಡುವಿನ ದೂರ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿ ಬೀಡ್ ಇನ್ನೂ ಕೆಳಗಿದೆ. ಗಾಳಿ ಬಿಟ್ಟು, ಅಲ್ಲಿಗೆ ಮತ್ತೆ ನೊರೆ ಹಚ್ಚಿ ಇನ್ನೊಮ್ಮೆ ತುಂಬಿ.

ಹಗ್ಗಕ್ಕೂ ಬಗ್ಗದ ಟೈರ್

ತಿಂಗಳುಗಟ್ಟಲೆ ಮಡಚಿ ನಿಂತ ಟೈರ್ ಕೆಲವೊಮ್ಮೆ ಹಗ್ಗಕ್ಕೂ ಬಗ್ಗುವುದಿಲ್ಲ. ಅದಕ್ಕೆ ಹಳೆಯ ಟ್ಯೂಬಿನ ಸಹಾಯ ಪಡೆಯಬಹುದು. ಟ್ಯೂಬ್‌ಲೆಸ್ ವಾಲ್ವ್ ತೆಗೆದು, ಅದೇ ಅಳತೆಯ ಟ್ಯೂಬ್ ಒಳಗೆ ಹಾಕಿ ಗಾಳಿ ತುಂಬಿ. ಟ್ಯೂಬ್ ಉಬ್ಬಿ ಎರಡೂ ಬೀಡನ್ನು ಕಟ್ಟೆಗೆ ದೂಡುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟರೆ ಟೈರ್ ತನ್ನ ಮೊದಲಿನ ಆಕಾರಕ್ಕೆ ಬರುತ್ತದೆ. ಮರುದಿನ ಗಾಳಿ ಬಿಟ್ಟು ಒಂದೇ ಬದಿಯ ಬೀಡನ್ನು ಬಿಡಿಸಿ, ಟ್ಯೂಬ್ ಎಳೆದು ತೆಗೆದು, ವಾಲ್ವ್ ಮತ್ತೆ ಕೂರಿಸಿ. ಇನ್ನೊಂದು ಬದಿ ಬಿಗಿಯಾಗಿ ಕೂತೇ ಇರುವುದರಿಂದ ಈಗ ಸೋರುವುದು ಒಂದೇ ಕಡೆ. ಕೆಲಸ ಅರ್ಧಕ್ಕೆ ಇಳಿಯಿತು.

ಜೀವಕ್ಕೆ ಅಪಾಯ ಇರುವ ದಾರಿಗಳು

ಟೈರಿನೊಳಗೆ ಪೆಟ್ರೋಲೋ ಸ್ಪ್ರೇಯೋ ಹಾಕಿ ಬೆಂಕಿ ಹಚ್ಚಿ ಢಂ ಎಂದು ಕೂರಿಸುವ ವಿಡಿಯೋಗಳು ಮೊಬೈಲಿನಲ್ಲಿ ಓಡಾಡುತ್ತವೆ. ದಯವಿಟ್ಟು ಅದನ್ನು ಮಾಡಬೇಡಿ, ಮಕ್ಕಳಿಗೆ ತೋರಿಸಲೂ ಬೇಡಿ. ಆವಿ ಎಷ್ಟು ಸೇರಿದೆ ಎಂದು ಅಳೆಯುವ ದಾರಿಯೇ ಇಲ್ಲ. ಸ್ವಲ್ಪ ಹೆಚ್ಚಾದರೆ ಟೈರ್ ಸಿಡಿಯುತ್ತದೆ. ಸಿಡಿಯದಿದ್ದರೂ ಒಳಗಿನ ಗಾಳಿ ಹಿಡಿಯುವ ಪದರ ಸುಡುತ್ತದೆ.

ಎರಡನೆಯದು, ಬೀಡ್ ಕೂರಲಿಲ್ಲವೆಂದು ಗಾಳಿ ಏರಿಸುತ್ತಲೇ ಹೋಗುವುದು. 30 ಪಿಎಸ್‌ಐ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ. ಅಂಗೈ ಅಗಲದ 100 ಚದರ ಸೆಂಟಿಮೀಟರ್ ಜಾಗದ ಮೇಲೆ 200 ಕಿಲೋ ಭಾರ! ಟೈರಿನ ಬದಿಯಲ್ಲಿ ಗರಿಷ್ಠ ಒತ್ತಡದ ಅಂಕಿ ಬರೆದಿರುತ್ತದೆ. ಅದನ್ನು ಮುಟ್ಟುವ ಮೊದಲೇ ನಿಲ್ಲಿಸಿ, ಗಾಳಿ ಬಿಟ್ಟು, ಮತ್ತೆ ನೊರೆ ಹಚ್ಚಿ. ಗಾಳಿ ತುಂಬುವಾಗ ಮುಖವನ್ನು ಚಕ್ರದ ಮೇಲೆ ಬಗ್ಗಿಸಬೇಡಿ. ಕಚ್ಚಿ ಹಿಡಿಯುವ ನಳಿಕೆ ಹಾಕಿ ಸ್ವಲ್ಪ ದೂರ ನಿಲ್ಲಿ.

ಹಳೆಯ ಕಾಲದ ಸ್ಕೂಟರುಗಳ ರಿಮ್ ಎರಡು ಹೋಳಾಗಿದ್ದು ನಟ್ಟಿನಿಂದ ಸೇರಿಸಿರುತ್ತದೆ. ಅದು ಟ್ಯೂಬ್ ಇರುವ ಚಕ್ರ. ಪೂರ್ತಿ ಗಾಳಿ ಬಿಡದೆ ಹೋಳು ಸೇರಿಸಿದ ಆ ನಟ್ಟುಗಳಿಗೆ ಪಾನಾ ಹಚ್ಚಬಾರದು. ಒಳಗೆ ಗಾಳಿ ಇದ್ದರೆ ಹೋಳುಗಳು ಸಿಡಿದು ಬೇರೆಯಾಗುತ್ತವೆ.

ಸೀಲೆಂಟ್ ಹಾಕಿಸುವುದೇ, ಟ್ಯೂಬ್ ಹಾಕಿಸುವುದೇ?

ಸೀಲೆಂಟ್ ಎಂದರೆ ವಾಲ್ವಿನಿಂದ ಒಳಗೆ ಹಾಕುವ ಅಂಟು ದ್ರವ. ಚಕ್ರ ತಿರುಗಿದಾಗ ಅದು ನೆಲ ತಾಗುವ ಭಾಗದ ಒಳಮೈಗೆ ಹರಡಿ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಮುಳ್ಳಿನ ದಾರಿಯಲ್ಲಿ ಓಡುವ ಕೈಗಾಡಿಗೆ ಪ್ರಯೋಜನ ಇದೆ. ಆದರೆ ಜಾಗ ಬಿಟ್ಟ ಬೀಡನ್ನು ಅದು ಕೂರಿಸುವುದಿಲ್ಲ, ರಿಮ್ ಲೀಕನ್ನು ನಂಬಿಕೆಯಿಂದ ನಿಲ್ಲಿಸುವುದೂ ಇಲ್ಲ. ಹಳೆಯದಾದಾಗ ಗಟ್ಟಿಯಾಗಿ ವಾಲ್ವಿಗೆ ಅಂಟಿಕೊಳ್ಳುತ್ತದೆ. ಹಾಕಿಸಿದ್ದರೆ ಮುಂದೆ ಟೈರ್ ಬಿಚ್ಚುವವರಿಗೆ ಮೊದಲೇ ಹೇಳಿ.

ಟ್ಯೂಬ್ ಹಾಕುವುದು ತಪ್ಪೇನಲ್ಲ. ಆದರೆ ಏನು ಕಳೆದುಕೊಳ್ಳುತ್ತೇವೆ ಎಂದು ತಿಳಿದು ಹಾಕಬೇಕು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಮೊಳೆಯೇ ತೂತನ್ನು ಬಹುಪಾಲು ಮುಚ್ಚಿರುತ್ತದೆ, ಗಾಳಿ ನಿಧಾನವಾಗಿ ಹೋಗುತ್ತದೆ. ಟ್ಯೂಬಿಗೆ ಚುಚ್ಚಿದರೆ ಅದು ಹರಿದು ಗಾಳಿ ಬೇಗ ಖಾಲಿಯಾಗಬಹುದು. ಅಂಗಳ, ತೋಟದ ಕೈಗಾಡಿಗೆ ಟ್ಯೂಬ್ ಧಾರಾಳ ಸಾಕು. ಅರಬೈಲ್ ಘಟ್ಟ ಇಳಿಯುವ ಸ್ಕೂಟರಿಗೆ, ಅದರಲ್ಲೂ ಮುಂದಿನ ಚಕ್ರಕ್ಕೆ, ರಿಮ್ ಸರಿಮಾಡಿಸುವುದೇ ನನಗೆ ಸರಿಯೆನಿಸುತ್ತದೆ. ತುಕ್ಕು ತಿಂದ ರಿಮ್ಮಿಗೆ ಟ್ಯೂಬ್ ಹಾಕಿದರೆ ಒಳಗಿನ ಚೂಪು ಪೊರೆಗಳು ಟ್ಯೂಬನ್ನೇ ಉಜ್ಜಿ ತೂತು ಮಾಡುತ್ತವೆ. ಹೇಗೂ ಅದನ್ನು ನಯ ಮಾಡಲೇಬೇಕು.

ಇನ್ನು ಕೆಲವು ಟೈರುಗಳನ್ನು ಉಳಿಸಲು ಹೋಗಬಾರದು. ಬದಿಯ ಗೋಡೆ ಸೀಳಿದ್ದರೆ, ಆಳವಾದ ಬಿರುಕುಗಳಿದ್ದರೆ, ಒಳಗಿನ ನೂಲು ಕಾಣುತ್ತಿದ್ದರೆ, ಬೀಡಿನ ತಂತಿ ಬಗ್ಗಿದ್ದರೆ ಅಥವಾ ಹೊರಗೆ ಬಂದಿದ್ದರೆ ಬಿಡಿ. ಗಾಳಿ ಇಲ್ಲದೆ ದೂರ ಓಡಿಸಿದ ಟೈರ್ ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಉದುರುತ್ತದೆ. ಗೋಡೆ ಒಳಗಿನಿಂದ ಸವೆದು ಸತ್ವ ಹೋಗಿದೆ ಎಂದು ಅದರ ಅರ್ಥ. ಹೊರಗೆ ಎಷ್ಟು ಚಂದ ಕಂಡರೂ ಅದನ್ನು ಹಾಕಬೇಡಿ. ಟೈರಿನ ವಯಸ್ಸನ್ನೂ ನೋಡಿ. ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುಂಪು ಇರುತ್ತದೆ. 3219 ಎಂದಿದ್ದರೆ 2019ರ 32ನೇ ವಾರದಲ್ಲಿ ತಯಾರಾದದ್ದು.

ಕೂರಿಸಿದ ಮೇಲೆ

ಪೂರ್ತಿ ಗಾಳಿ ತುಂಬಿದ ಚಕ್ರಕ್ಕೆ ಇನ್ನೊಮ್ಮೆ ನೊರೆ ಹಚ್ಚಿ ನೋಡಿ: ಎರಡೂ ಬದಿಯ ಗೆರೆ, ವಾಲ್ವಿನ ಬಾಯಿ, ಅದರ ಬುಡ. ಆಮೇಲೆ ಬ್ರೇಕ್ ಕಡೆ ಹೋದ ಸೋಪನ್ನು ಚೆನ್ನಾಗಿ ತೊಳೆಯಿರಿ. ಚಕ್ರ ಬಿಚ್ಚಿದ್ದರೆ ಟೈರಿನ ಬದಿಯ ಬಾಣದ ಗುರುತು ಮುಂದಕ್ಕೆ ಓಡುವ ದಿಕ್ಕಿಗೇ ಇದೆಯೇ ಎಂದು ನೋಡಿಕೊಳ್ಳಿ. ವಾಲ್ವಿಗೆ ಮುಚ್ಚಳ ಹಾಕಿ. ಮರಳು, ಉಪ್ಪು ಪಿನ್ನಿಗೆ ಹೋಗದ ಹಾಗೆ ತಡೆಯುವುದು ಅದೊಂದೇ.

ಆವತ್ತೇ ದೂರ ಹೋಗಬೇಡಿ. ಗಾಡಿಯನ್ನು ನೆರಳಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಓಡಿಸುವ ಮೊದಲು ಅದೇ ಮೀಟರಿನಿಂದ ಅಳೆಯಿರಿ. ಮೀಟರ್ ಹಚ್ಚಿ ತೆಗೆಯುವಾಗಲೇ ಒಂಚೂರು ಗಾಳಿ ಹೋಗುತ್ತದೆ, ಬೆಳಗಿನ ತಂಪಿಗೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ 1 ಪಿಎಸ್‌ಐ ವ್ಯತ್ಯಾಸ ಲೆಕ್ಕಕ್ಕಿಲ್ಲ. 3, 4 ಇಳಿದಿದ್ದರೆ ಸೋರಿಕೆ ಇನ್ನೂ ಇದೆ, ಹೆಚ್ಚಿನ ಸಲ ರಿಮ್ಮಿನ ಗೆರೆಯಲ್ಲೇ ಸಿಗುತ್ತದೆ. ಸರಿಯಾಗಿ ನಿಂತಿದ್ದರೆ ಊರೊಳಗೆ ಸಣ್ಣ ಸುತ್ತು ಹಾಕಿ, ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಆಗಲೂ ಅಂಕಿ ಹೆಚ್ಚುಕಮ್ಮಿ ಅಲ್ಲೇ ಇದ್ದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಟ್ಟದ ದಾರಿ ಹಿಡಿಯಬಹುದು.